ಹಳೆಯ ಯಂತ್ರಕ್ಕೆ ಹೊಸ ಒಕ್ಕಲು

ಹುಬ್ಬಳ್ಳಿಯಿಂದ ವಿಜಯಪುರದತ್ತ ಸಾಗುವ ಹೆದ್ದಾರಿಯಲ್ಲಿ ನರಗುಂದವನ್ನು ದಾಟಿ ಮುಂದೆ ಬಂದರೆ ಬಾದಾಮಿ ತಾಲೂಕಿನ ಕೆರೂರು ಸಿಗುತ್ತದೆ. ಅಲ್ಲಿಯ ಒಂದು ಮನೆಯನ್ನು ವಾಚಕರು ಮನಸ್ಸಿನಲ್ಲಿ ತಂದುಕೊಳ್ಳಬೇಕು. ಪಡಸಾಲೆಯ ಮೂಲೆಯಲ್ಲಿ ಒಂದು ಮೇಜು. ಮೇಜಿನ ಮೇಲೆ, ಹಳೆಯ ಇಳಕಲ್ಲ ಸೀರೆಯ ತುಂಡನ್ನು ಹೊದ್ದು ಕುಳಿತ ಒಂದು ಗಣಕಯಂತ್ರ. ಮನೆಯ ಯಜಮಾನರು ನಿವೃತ್ತ ಮಾಸ್ತರರು. ಹದಿಮೂರು ವರ್ಷಗಳ ಹಿಂದೆ, ಸೇವೆಯಲ್ಲಿದ್ದಾಗಲೇ, ಸಂಬಳದಲ್ಲಿ ಉಳಿಸಿದ ಹಣದಿಂದ ಆ ಯಂತ್ರವನ್ನು ಹುಬ್ಬಳ್ಳಿಯಿಂದ ತಂದವರು. ಮಗಳು ಅದರ ಮೇಲೆಯೇ ಅಕ್ಷರ ಜೋಡಿಸಲು ಕಲಿತಳು. ಈಗ ಬಾಗಲಕೋಟೆಯ ಕಾಲೇಜಿಗೆ ಹೋಗುತ್ತಾಳೆ. ಮಾಸ್ತರರು ಬಿಡುವಿನ ವೇಳೆಯಲ್ಲಿ ಮನೆತನದ ವಂಶಾವಳಿಯನ್ನು ಅದರಲ್ಲಿ ಬರೆದಿಟ್ಟಿದ್ದಾರೆ. ತೀರಿಹೋದ ತಾಯಿ ಹಾಡುತ್ತಿದ್ದ ಬೀಸುವ ಕಲ್ಲಿನ ಪದಗಳನ್ನು ನೆನಪಿನಿಂದ ಹೆಕ್ಕಿ ಹೆಕ್ಕಿ ಬೆರಳಚ್ಚಿಸಿದ್ದಾರೆ. ಆ ಪದಗಳಿಗೆ ಬೇರೊಂದು ಪ್ರತಿಯಿಲ್ಲ.

2025ರ ಅಕ್ಟೋಬರ ತಿಂಗಳಲ್ಲಿ ಯಂತ್ರದ ಪರದೆಯ ಮೇಲೆ ಒಂದು ಸೂಚನೆ ಮೂಡುತ್ತದೆ: ಈ ವ್ಯವಸ್ಥೆಗೆ ಇನ್ನು ಬೆಂಬಲವಿಲ್ಲ. ಮಾಸ್ತರರು ಅಂಗಡಿಯವನನ್ನು ಕೇಳುತ್ತಾರೆ. ಅವನು ಯಂತ್ರವನ್ನು ಒಮ್ಮೆ ನೋಡಿ ತಲೆಯಲ್ಲಾಡಿಸುತ್ತಾನೆ.

“ಇದಕ್ಕ ಹೊಸಾದು ಕೂಡೂದಿಲ್ರೀ ಮಾಸ್ತರ. ಹೊಸ ಮಷಿನ್ ತಗೋರಿ. ಇದನ್ನ ಗುಜರಿಗೆ ಹಾಕ್ರಿ.”

ನಿವೃತ್ತಿ ವೇತನದ ಮನೆಯಲ್ಲಿ ಹೊಸ ಯಂತ್ರವೆಂದರೆ ಮೂವತ್ತು ನಾಲ್ವತ್ತು ಸಾವಿರ ರೂಪಾಯಿಯ ಮಾತು. ಮಗಳ ಕಾಲೇಜಿನ ಶುಲ್ಕ ಬೇರೆ. ಇದು ಕೆರೂರಿನ ಒಂದು ಮನೆಯ ಕಥೆಯಷ್ಟೇ ಅಲ್ಲ. ಊರಿನ ಹೆಸರನ್ನು ಬದಲಾಯಿಸಿದರೆ ಗದಗಿನ, ದಾವಣಗೆರೆಯ, ಮೈಸೂರಿನ ಎಷ್ಟೋ ಮನೆಗಳ ಕಥೆಯೂ ಆಗುತ್ತದೆ. ಆದ್ದರಿಂದ ಅಂಗಡಿಯವನ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಸಾವಧಾನವಾಗಿ ವಿಚಾರಿಸುವುದು ಯೋಗ್ಯವಾಗಿದೆ.

ಕೆಟ್ಟದ್ದು ಯಂತ್ರವಲ್ಲ

ಗಣಕಯಂತ್ರದ ಒಳಗೆ ಸಂಸ್ಕಾರಕವಿದೆ, ಸ್ಮೃತಿಯಿದೆ, ಕಡತಗಳನ್ನು ಕಾಯ್ದಿಡುವ ತಟ್ಟೆಯಿದೆ. ಇವೆಲ್ಲ ದುಡಿಯುವ ಆಳುಗಳು. ಯಾವ ಆಳು ಯಾವ ಹೊತ್ತಿಗೆ ಏನು ಮಾಡಬೇಕೆಂದು ಹೇಳುವ ಕಾರಭಾರಿ ಒಬ್ಬನಿರುತ್ತಾನೆ. ಅವನೇ ಕಾರ್ಯಾಚರಣ ವ್ಯವಸ್ಥೆ. ನಮ್ಮ ನಾಡಿನ ಬಹುತೇಕ ಮನೆಗಳಲ್ಲಿ ಈ ಕಾರಭಾರಿಯ ಹೆಸರು ವಿಂಡೋಸ್. ಅವನನ್ನು ಕಳಿಸಿದ ಧಣಿ ಅಮೇರಿಕದ ಮೈಕ್ರೋಸಾಫ್ಟ್ ಕಂಪನಿ.

ವಿಂಡೋಸ್ 10 ಎಂಬ ಆವೃತ್ತಿಯು 2015ರ ಜುಲೈಯಲ್ಲಿ ಹೊರಬಿದ್ದಿತು. 2025ರ ಅಕ್ಟೋಬರ 14ರಂದು ಅದರ ಸಾಮಾನ್ಯ ಬೆಂಬಲ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆಯವರಿಗೆ 2026ರ ಅಕ್ಟೋಬರವರೆಗೆ ಒಂದು ವರ್ಷದ ಗಡುವನ್ನು ಕಂಪನಿಯು ಕೊಟ್ಟಿತು. ಬೆಂಬಲ ಮುಗಿದ ಮಾತ್ರಕ್ಕೆ ಯಂತ್ರವು ನಿಂತುಹೋಗುವುದಿಲ್ಲ. ಆದರೆ ಆ ಬಳಿಕ ವ್ಯವಸ್ಥೆಯಲ್ಲಿ ಕಾಣಿಸಿಕೊಳ್ಳುವ ಬಿರುಕುಗಳನ್ನು ಮುಚ್ಚುವವರಿಲ್ಲ. ಬಾಗಿಲಿದೆ, ಬೀಗವಿದೆ, ಆದರೆ ಕಳ್ಳನಿಗೆ ಕೀಲಿಯ ಅಚ್ಚು ಸಿಕ್ಕರೆ ಬೀಗ ಬದಲಾಯಿಸುವವರಿಲ್ಲ. ಬ್ಯಾಂಕಿನ ವ್ಯವಹಾರವನ್ನು ಅಂಥ ಯಂತ್ರದಲ್ಲಿ ಮಾಡುವುದು ದಿನ ಕಳೆದಂತೆ ಅಪಾಯಕರವಾಗುತ್ತದೆ.

ಹಾಗಾದರೆ 2021ರ ಅಕ್ಟೋಬರದಲ್ಲಿ ಬಂದ ವಿಂಡೋಸ್ 11ನ್ನೇ ಹಾಕಬಾರದೆ? ಅಲ್ಲಿಯೇ ತೊಡಕು. ಅದಕ್ಕೆ ಕನಿಷ್ಠ 4 ಜಿಬಿ ಸ್ಮೃತಿ ಬೇಕು, 64 ಜಿಬಿ ಕಡತಸ್ಥಳ ಬೇಕು, ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಬೇಕು. ಇಂಟೆಲ್ ಸಂಸ್ಕಾರಕವಾದರೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 2017ರಿಂದೀಚೆಗೆ ಬಂದ ಎಂಟನೆಯ ಪೀಳಿಗೆಯದೋ ಅದಕ್ಕೂ ಈಚಿನದೋ ಆಗಿರಬೇಕು. ಮಾಸ್ತರರ ಯಂತ್ರ 2012ರದು. ಅದು ಕೆಟ್ಟಿಲ್ಲ; ಹೊಸ ಕರಾರಿನ ಹೊರಗೆ ಉಳಿದಿದೆ, ಅಷ್ಟೆ. ಅಂಗಡಿಯವನು ಹೇಳಿದ್ದರಲ್ಲಿ ಮೊದಲಿನ ಅರ್ಧ ಸತ್ಯ. ಆದರೆ ಗುಜರಿಗೆ ಹಾಕಬೇಕೆಂಬ ಉಳಿದರ್ಧಕ್ಕೆ ಮೊದಲು ಇನ್ನೊಬ್ಬ ಕಾರಭಾರಿಯನ್ನು ಪರೀಕ್ಷಿಸಿ ನೋಡುವ ದಾರಿಯೊಂದಿದೆ.

ಮುದ್ರಣಯಂತ್ರದಿಂದ ಹುಟ್ಟಿದ ಹಟ

ಆ ಇನ್ನೊಬ್ಬನ ಹೆಸರು ಲಿನಕ್ಸ್. ಅವನ ಜನ್ಮವೃತ್ತಾಂತವು ಸ್ವಾರಸ್ಯಕರವಾಗಿದೆ.

1980ರ ಸುಮಾರಿಗೆ ಅಮೇರಿಕದ ಎಂಐಟಿ ಸಂಸ್ಥೆಯ ಪ್ರಯೋಗಾಲಯವೊಂದಕ್ಕೆ ಝೆರಾಕ್ಸ್ ಕಂಪನಿಯ ಹೊಸ ಲೇಸರ್ ಮುದ್ರಣಯಂತ್ರವು ಬಂದಿತು. ಕಾಗದ ಸಿಕ್ಕಿಕೊಂಡು ಯಂತ್ರ ನಿಂತರೆ ದೂರದ ಕೋಣೆಯಲ್ಲಿ ಕುಳಿತವರಿಗೆ ಅದು ತಿಳಿಯುತ್ತಿರಲಿಲ್ಲ. ಹಳೆಯ ಯಂತ್ರಕ್ಕೆ ಇಂಥ ಸೂಚನೆ ಕೊಡುವ ಏರ್ಪಾಡನ್ನು ಅಲ್ಲಿಯ ತಂತ್ರಜ್ಞ ರಿಚರ್ಡ್ ಸ್ಟಾಲ್‌ಮನ್ನರು ತಾವೇ ಬರೆದುಕೊಂಡಿದ್ದರು. ಹೊಸದಕ್ಕೂ ಬರೆಯಬೇಕೆಂದರೆ ಅದನ್ನು ನಡೆಸುವ ತಂತ್ರಾಂಶದ ಮೂಲಬರಹ ಬೇಕು. ಅದು ಯಾರ ಬಳಿ ಇದೆಯೆಂದು ತಿಳಿದು ಹೋಗಿ ಕೇಳಿದಾಗ, ಯಾರಿಗೂ ಕೊಡುವುದಿಲ್ಲವೆಂದು ಕರಾರು ಮಾಡಿಕೊಟ್ಟಿದ್ದೇನೆಂಬ ಉತ್ತರ ಬಂದಿತು. ಮನೆಗೆ ಬಂದ ಯಂತ್ರವನ್ನು ರಿಪೇರಿ ಮಾಡಿಕೊಳ್ಳುವ ಹಕ್ಕು ಮನೆಯವನಿಗಿಲ್ಲವೆ? ಈ ಪ್ರಶ್ನೆ ಸ್ಟಾಲ್‌ಮನ್ನರನ್ನು ಬಿಡಲಿಲ್ಲ. 1983ರ ಸೆಪ್ಟೆಂಬರದಲ್ಲಿ ಅವರು ಗ್ನು ಎಂಬ ಸ್ವತಂತ್ರ ವ್ಯವಸ್ಥೆಯನ್ನು ಕಟ್ಟುವುದಾಗಿ ಸಾರಿದರು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಇದು ಅದರ ನಿಯಮ.

ಎಂಟು ವರ್ಷಗಳ ತರುವಾಯ, 1991ರ ಆಗಸ್ಟದಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ ಕೋಣೆಯಲ್ಲಿದ್ದ 386 ಗಣಕದ ಮೇಲೆ ಹವ್ಯಾಸಕ್ಕಾಗಿ ಕಟ್ಟುತ್ತಿದ್ದ ವ್ಯವಸ್ಥೆಯ ಸುದ್ದಿಯನ್ನು ಜಗತ್ತಿಗೆ ತಿಳಿಸಿದ. ತನ್ನ ಬಳಿ ಇರುವ ಬಗೆಯ ತಟ್ಟೆಯನ್ನು ಬಿಟ್ಟು ಬೇರೆ ಯಂತ್ರಭಾಗಗಳ ಮೇಲೆ ಇದು ಬಹುಶಃ ಎಂದೂ ನಡೆಯಲಿಕ್ಕಿಲ್ಲವೆಂದು ಆತನೇ ಅಂದು ಬರೆದಿದ್ದ. ಅವನ ಎಣಿಕೆ ತಪ್ಪಾಯಿತು. 1994ರ ಮಾರ್ಚದಲ್ಲಿ ಮೊದಲ ಪೂರ್ಣ ಆವೃತ್ತಿ ಬಂದಾಗ ಅದರ ತಿರುಳಿನಲ್ಲಿ ಸುಮಾರು 1,76,000 ಸಾಲುಗಳಿದ್ದವು. 2025ರಲ್ಲಿ ಅವು 4 ಕೋಟಿಯನ್ನು ಮುಟ್ಟಿದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬೇರೆ ಬೇರೆ ಯಂತ್ರಭಾಗಗಳನ್ನು ನಡೆಸುವುದಕ್ಕಾಗಿಯೇ ಬರೆದವು.

ಒಡಲು, ಸೆರಗು, ಕೊಂಡಿ

ಇಳಕಲ್ಲ ಸೀರೆಯನ್ನು ನೇಯುವುದನ್ನು ನೋಡಿದವರಿಗೆ ಈ ವಿಷಯವು ಸುಲಭವಾಗಿ ತಿಳಿಯುತ್ತದೆ. ಆ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಬೆಸೆಯುತ್ತಾರೆ. ಕೊಂಡಿ ಸರಿಯಾಗಿ ಕೂಡದಿದ್ದರೆ ಒಡಲು ಎಷ್ಟು ಚೆಲುವಾಗಿದ್ದರೇನು, ಸೆರಗು ಎಷ್ಟು ಬೆಲೆಯದಾದರೇನು?

ಗಣಕದಲ್ಲಿಯೂ ಹಾಗೆಯೇ. ಯಂತ್ರಭಾಗ ಒಂದು ಹಾಸು, ಕಾರ್ಯಾಚರಣ ವ್ಯವಸ್ಥೆ ಇನ್ನೊಂದು ಹಾಸು. ಅವೆರಡನ್ನು ಬೆಸೆಯುವ ಕೊಂಡಿಗೆ ಡ್ರೈವರ್ ಎಂದು ಹೆಸರು. ಪರದೆಗೊಂದು ಡ್ರೈವರ್, ಧ್ವನಿಗೊಂದು, ತಂತಿಯಿಲ್ಲದ ಜಾಲಕ್ಕೊಂದು, ಮುದ್ರಣಯಂತ್ರಕ್ಕೊಂದು. ಹೆಚ್ಚಿನ ಕಂಪನಿಗಳು ತಮ್ಮ ಭಾಗಗಳಿಗೆ ವಿಂಡೋಸಿಗಾಗಿ ಡ್ರೈವರ್ ಬರೆದು ಕೊಡುತ್ತವೆ, ಮೂಲಬರಹವನ್ನು ಗುಟ್ಟಾಗಿಡುತ್ತವೆ. ಕೆಲವು ವರ್ಷಗಳ ಮೇಲೆ ಆ ಭಾಗದ ಮಾರಾಟ ನಿಂತಾಗ ಡ್ರೈವರನ್ನು ತಿದ್ದುವುದನ್ನೂ ನಿಲ್ಲಿಸುತ್ತವೆ. ಹೊಸ ವ್ಯವಸ್ಥೆಗೆ ಹಳೆಯ ಕೊಂಡಿ ಕೂಡುವುದಿಲ್ಲ. ಒಳ್ಳೆಯ ಯಂತ್ರ ಅನಾಥವಾಗುತ್ತದೆ.

ಲಿನಕ್ಸಿನಲ್ಲಿ ಬಹುಪಾಲು ಡ್ರೈವರುಗಳ ಮೂಲಬರಹವು ವ್ಯವಸ್ಥೆಯ ತಿರುಳಿನೊಳಗೆಯೇ ಇರುತ್ತದೆ. ತಿರುಳನ್ನು ಯಾರಾದರೂ ಬದಲಾಯಿಸಿದರೆ ಅದಕ್ಕೆ ಹೊಂದುವಂತೆ ಹಳೆಯ ಡ್ರೈವರನ್ನೂ ಅವರೇ ತಿದ್ದಿಡುವುದು ಅಲ್ಲಿಯ ವಾಡಿಕೆ. ಆದ್ದರಿಂದಲೇ, ತಯಾರಿಸಿದ ಕಂಪನಿಯು ಮರೆತುಬಿಟ್ಟ ಧ್ವನಿಫಲಕವೋ ಜಾಲಫಲಕವೋ ಹದಿನೈದು ವರ್ಷಗಳ ಅನಂತರವೂ ಹೊಸ ಲಿನಕ್ಸಿನಲ್ಲಿ ಮಾತಿಲ್ಲದೆ ದುಡಿಯುವುದುಂಟು. ಹಳೆಯ ಯಂತ್ರಗಳಿಗೆ ಲಿನಕ್ಸ್ ಹೊಂದುವುದೆಂಬ ಮಾತಿನ ಗುಟ್ಟು ಇಷ್ಟೇ.

ಆದರೆ ಎಲ್ಲ ಭಾಗಗಳೂ ಹೊಂದುತ್ತವೆಂದು ಹೇಳಿದರೆ ಅದು ಅಂಗಡಿಯವನ ಮಾತಿನಷ್ಟೇ ಅರೆಸತ್ಯವಾದೀತು. ಹೆಣ್ಣು ಗಂಡು ಕೂಡುವ ಮೊದಲು ಹಿರಿಯರು ನಾಲ್ಕು ಮಾತು ವಿಚಾರಿಸುವಂತೆ ಇಲ್ಲಿಯೂ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು.

ಕೇಳಬೇಕಾದ ನಾಲ್ಕು ಪ್ರಶ್ನೆ

ಮೊದಲನೆಯದು ಸಂಸ್ಕಾರಕದ ಪ್ರಶ್ನೆ. ಅದು 32 ಬಿಟ್ಟಿನದೋ, 64 ಬಿಟ್ಟಿನದೋ? ಸಾಮಾನ್ಯ ಗಣಕಗಳಿಗೆ 64 ಬಿಟ್ಟಿನ ಸಂಸ್ಕಾರಕವನ್ನು 2003ರಲ್ಲಿ ಎಎಂಡಿ ಕಂಪನಿಯು ತಂದಿತು. ಇಂಟೆಲ್ ಬೆನ್ನು ಹಿಡಿಯಿತು. 2006ರಲ್ಲಿ ಬಂದ ಕೋರ್ 2 ಡ್ಯುಓ ಮತ್ತು ಅದರ ಮುಂದಿನ ಕುಲದವೆಲ್ಲ 64 ಬಿಟ್ಟಿನವು. ಆದರೆ 2008ರ ಸುಮಾರಿಗೆ ಅಗ್ಗದ ಚಿಕ್ಕ ಲ್ಯಾಪ್‌ಟಾಪುಗಳಲ್ಲಿ ಬಂದ ಆಟಮ್ ಸಂಸ್ಕಾರಕಗಳಲ್ಲಿ ಹಲವು 32 ಬಿಟ್ಟಿನವೇ. ಲಿನಕ್ಸಿನಲ್ಲಿಯೂ 32 ಬಿಟ್ಟಿನ ಯಂತ್ರಗಳ ಕಾಲ ಮುಗಿಯುತ್ತ ಬಂದಿದೆ. ಡೆಬಿಯನ್ ಎಂಬ ಹಿರಿಯ ಲಿನಕ್ಸ್ ವಿತರಣೆಯು 2025ರ ಆಗಸ್ಟದಲ್ಲಿ ತಂದ 13ನೆಯ ಆವೃತ್ತಿಯಲ್ಲಿ ಅಂಥ ಯಂತ್ರಗಳಿಗೆ ಅನುಸ್ಥಾಪನೆಯ ಏರ್ಪಾಡನ್ನು ಕೈಬಿಟ್ಟಿತು. ಅದರ 12ನೆಯ ಆವೃತ್ತಿಗೆ ಮಾತ್ರ 2028ರ ಜೂನ್‌ವರೆಗೆ ದೀರ್ಘಾವಧಿ ಬೆಂಬಲವಿದೆ.

ಎರಡನೆಯದು ಸ್ಮೃತಿಯ ಪ್ರಶ್ನೆ. 4 ಜಿಬಿ ಇದ್ದರೆ ಹೆಚ್ಚಿನ ವಿತರಣೆಗಳು ನಡೆದಾವು. 2 ಜಿಬಿ ಮಾತ್ರ ಇದ್ದರೆ ಹಗುರವಾದ ಮೇಲ್ಮೈಯನ್ನು ಆರಿಸಿಕೊಳ್ಳಬೇಕು. ಲಿನಕ್ಸಿನಲ್ಲಿ ತಿರುಳು ಒಂದೇ ಆದರೂ ಮೇಲೆ ಕಾಣುವ ಅಲಂಕಾರ ಬೇರೆ ಬೇರೆ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಮೊದಲಾದವು ಸ್ವಲ್ಪ ಸ್ಮೃತಿಯಲ್ಲಿ ಸಂಸಾರ ಸಾಗಿಸುತ್ತವೆ. 2003ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಕೌಲರ್ ಆರಂಭಿಸಿದ ಪಪ್ಪಿ ಲಿನಕ್ಸ್ ಇನ್ನೂ ಮಿತವ್ಯಯದ್ದು. ಆದರೆ ಒಂದು ಮಾತು ನೆನಪಿರಲಿ: ವ್ಯವಸ್ಥೆ ಹಗುರವಾದರೂ ಇಂದಿನ ಜಾಲತಾಣಗಳು ಭಾರವಾಗಿವೆ. ಹತ್ತು ಪುಟಗಳನ್ನು ಒಮ್ಮೆಲೆ ತೆರೆದರೆ 2 ಜಿಬಿಯ ಯಂತ್ರ ಏದುಸಿರು ಬಿಡುವುದು ಖಂಡಿತ. ಹಳೆಯ ತಿರುಗುವ ತಟ್ಟೆಯನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ, ಸಾಧ್ಯವಿದ್ದರೆ ಸ್ಮೃತಿಯನ್ನು 4 ಜಿಬಿಗೆ ಏರಿಸಿದರೆ ಹೊಸ ಯಂತ್ರದ ಬೆಲೆಯ ಸಣ್ಣದೊಂದು ಪಾಲಿನಲ್ಲಿ ದೊಡ್ಡ ಸುಧಾರಣೆ ಕಾಣುತ್ತದೆ.

ಮೂರನೆಯದು ಪರದೆಯ ಫಲಕ ಮತ್ತು ವೈಫೈ. ಇಂಟೆಲ್ ಸಂಸ್ಕಾರಕದೊಡನೆ ಬರುವ ಇಂಟೆಲ್ಲಿನದೇ ಪರದೆಫಲಕ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಎನ್‌ವಿಡಿಯಾದ ಹಳೆಯ ಫಲಕಗಳಿಗೆ ಕಂಪನಿಯು ತನ್ನ ಡ್ರೈವರನ್ನು ತಿದ್ದುವುದನ್ನು ನಿಲ್ಲಿಸಿದೆ. ಸ್ವಯಂಸೇವಕರು ಬರೆದ ನೂವೋ ಎಂಬ ಡ್ರೈವರ್ ಅವನ್ನು ನಡೆಸುತ್ತದೆ, ಆದರೆ ಪೂರ್ಣ ವೇಗ ಸಿಗುವುದು ವಿರಳ. ವೈಫೈಯಲ್ಲಿ ಬ್ರಾಡ್‌ಕಾಮ್ ಚಿಪ್ಪುಗಳು ಬಹುಕಾಲ ಲಿನಕ್ಸಿನವರನ್ನು ಗೋಳುಹೊಯ್ದುಕೊಂಡವು. ಚಿಪ್ಪಿನೊಳಗೆ ತುಂಬಬೇಕಾದ ಫರ್ಮ್‌ವೇರ್ ಎಂಬ ಬರಹವನ್ನು ಹಂಚಲು ಅನುಮತಿ ಇಲ್ಲದಿದ್ದುದೇ ಅದಕ್ಕೆ ಕಾರಣ. ವೈಫೈ ನಡೆಯಬೇಕಾದರೆ ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ತರಬೇಕಾದರೆ ವೈಫೈ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು! ಹಂಚಲು ಅನುಮತಿಯಿರುವ ಫರ್ಮ್‌ವೇರುಗಳನ್ನು ಡೆಬಿಯನ್ 2023ರ ಆವೃತ್ತಿಯಿಂದ ಅನುಸ್ಥಾಪನೆಯಲ್ಲಿಯೇ ಸೇರಿಸಿದ್ದರಿಂದ ಈ ಕಷ್ಟ ಬಹಳಷ್ಟು ಕಡಿಮೆಯಾಯಿತು. ಅಷ್ಟಾಗಿಯೂ ನಡೆಯದಿದ್ದರೆ ಲಿನಕ್ಸಿಗೆ ಹೊಂದುವ ಚಿಕ್ಕ ಯುಎಸ್‌ಬಿ ವೈಫೈ ತುಣುಕೊಂದನ್ನು ಚುಚ್ಚುವುದು ಸುಲಭೋಪಾಯ.

ನಾಲ್ಕನೆಯದು ಮುದ್ರಣಯಂತ್ರ. ಎಚ್‌ಪಿ ಕಂಪನಿಯು ತನ್ನ ಯಂತ್ರಗಳಿಗೆ ಲಿನಕ್ಸಿನ ಡ್ರೈವರನ್ನು ತಾನೇ ಕೊಡುತ್ತದೆ. ನಮ್ಮ ಕಚೇರಿಗಳಲ್ಲಿ ಪರಿಚಿತವಾದ ಲೇಸರ್‌ಜೆಟ್ 1020ಕ್ಕೆ ಮಾತ್ರ ಹೆಚ್ಚಿನದೊಂದು ತುಣುಕನ್ನು ತುಂಬಿಕೊಳ್ಳಬೇಕು. ಝೆರಾಕ್ಸ್ ಅಂಗಡಿಗಳಲ್ಲಿ ಕಂಡುಬರುವ ಕ್ಯಾನನ್ ಎಲ್‌ಬಿಪಿ 2900 ತನ್ನದೇ ಆದ ಗುಪ್ತಭಾಷೆಯಲ್ಲಿ ಮಾತನಾಡುವ ಯಂತ್ರ. ಅದನ್ನು ಲಿನಕ್ಸಿನಲ್ಲಿ ನಡೆಸುವುದು ಅಸಾಧ್ಯವಲ್ಲ, ಆದರೆ ತಾಳ್ಮೆ ಬೇಕು. ಸ್ವತಂತ್ರ ತಂತ್ರಾಂಶದ ಕಥೆ ಒಂದು ಮುದ್ರಣಯಂತ್ರದಿಂದ ಆರಂಭವಾಯಿತು; ನಾಲ್ವತ್ತು ವರ್ಷಗಳ ಮೇಲೂ ಕೊನೆಯ ತೊಡಕು ಮುದ್ರಣಯಂತ್ರದ್ದೇ ಆಗಿರುವುದು ವಿಚಿತ್ರವಲ್ಲವೆ?

ಹಳೆಯದನ್ನು ಕೆಡಿಸದೆ ಪರೀಕ್ಷೆ

ಈ ನಾಲ್ಕೂ ಪ್ರಶ್ನೆಗಳಿಗೆ ಉತ್ತರವನ್ನು ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ, ಯಂತ್ರವನ್ನೇ ಕೇಳಬಹುದು. 2000ದ ಇಸವಿಯಲ್ಲಿ ಜರ್ಮನಿಯ ಕ್ಲಾಸ್ ನೊಪ್ಪರ್ ನೊಪ್ಪಿಕ್ಸ್ ಎಂಬ ಲಿನಕ್ಸನ್ನು ಹೊರತಂದರು. ಯಂತ್ರದ ತಟ್ಟೆಯನ್ನು ಮುಟ್ಟದೆ ಒಂದು ಸಿಡಿಯಿಂದಲೇ ಪೂರ್ಣ ವ್ಯವಸ್ಥೆಯನ್ನು ನಡೆಸುವ ಈ ಪದ್ಧತಿ ಅಲ್ಲಿಂದ ಜನಪ್ರಿಯವಾಯಿತು. ಈಗ ಸಿಡಿಯ ಜಾಗದಲ್ಲಿ ಪೆನ್‌ಡ್ರೈವ್ ಬಂದಿದೆ. 8 ಜಿಬಿಯ ಪೆನ್‌ಡ್ರೈವಿನಲ್ಲಿ ಲಿನಕ್ಸನ್ನು ಇಳಿಸಿಕೊಂಡು, ಯಂತ್ರ ಶುರುವಾಗುವಾಗ ಎಫ್12 ಅಥವಾ ಆಯಾ ಕಂಪನಿಯ ನಿಗದಿತ ಕೀಲಿಯನ್ನು ಒತ್ತಿ ಅದರಿಂದ ಆರಂಭಿಸಿದರಾಯಿತು. ಪರದೆ ಸರಿಯಾಗಿ ಮೂಡಿತೆ? ಹಾಡು ಕೇಳಿಸಿತೆ? ವೈಫೈಯ ಹೆಸರು ಕಾಣಿಸಿತೆ? ಮುದ್ರಣಯಂತ್ರ ಕಾಗದವನ್ನು ಎಳೆದುಕೊಂಡಿತೆ? ಎಲ್ಲವನ್ನೂ ನೋಡಿ, ಮನಸ್ಸಿಗೆ ಬಾರದಿದ್ದರೆ ಪೆನ್‌ಡ್ರೈವನ್ನು ಕಿತ್ತು ಯಂತ್ರವನ್ನು ಮತ್ತೆ ಶುರುಮಾಡಿದರೆ ಹಳೆಯ ವಿಂಡೋಸ್ ಇದ್ದ ಹಾಗೆಯೇ ಇರುತ್ತದೆ.

ಒಂದು ಚಿಕ್ಕ ಸಂಗತಿ. ಬಹಳ ದಿನ ಮುಚ್ಚಿಟ್ಟ ಯಂತ್ರದಲ್ಲಿ ನಾಣ್ಯದಾಕಾರದ ಸಣ್ಣ ಬ್ಯಾಟರಿ ಸತ್ತುಹೋಗಿ ಗಡಿಯಾರವು ಹತ್ತು ವರ್ಷ ಹಿಂದಕ್ಕೆ ಹೋಗಿರುತ್ತದೆ. ತಾರೀಖು ತಪ್ಪಿದರೆ ಬ್ಯಾಂಕಿನ ತಾಣಗಳೇ ತೆರೆಯುವುದಿಲ್ಲ. ಜನರು ಲಿನಕ್ಸನ್ನು ಬೈಯುತ್ತಾರೆ. ಸಿಆರ್ 2032 ಎಂಬ ಆ ಬ್ಯಾಟರಿಯ ಬೆಲೆ ಕೆಲವೇ ರೂಪಾಯಿ.

ಕನ್ನಡದ ಗತಿಯೇನು?

ಮಾಸ್ತರರ ನಿಜವಾದ ಚಿಂತೆ ಇಲ್ಲಿದೆ. ಅವರು ಪದಗಳನ್ನು ಬರೆದಿಟ್ಟದ್ದು ನುಡಿ ತಂತ್ರಾಂಶದಲ್ಲಿ. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ ಬರಹ, ಅದರ ಬಳಿಕ ಕನ್ನಡ ಗಣಕ ಪರಿಷತ್ತು ಸರಕಾರಕ್ಕಾಗಿ ರೂಪಿಸಿದ ನುಡಿ, ಇವೆರಡೂ ವಿಂಡೋಸಿಗಾಗಿ ಹುಟ್ಟಿದವು. ಆ ಕಾಲದ ಕಡತಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕುಳಿತಿರುತ್ತವೆ. ನುಡಿಯ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ತಾಯಿಯ ಹಾಡು ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂದಲವಾಗಿ ಕಾಣುತ್ತದೆ. ಪದಗಳು ಅಳಿದವೆಂದೇ ಭ್ರಮೆಯಾದೀತು.

ಅವು ಅಳಿದಿರುವುದಿಲ್ಲ. ನುಡಿಯ ಅಕ್ಷರಶೈಲಿಯ ಕಡತವನ್ನು ಲಿನಕ್ಸಿನಲ್ಲಿಯೂ ಹಾಕಿಕೊಳ್ಳಬಹುದು. ಹಾಕಿದೊಡನೆ ಲಿಬ್ರೆಆಫೀಸ್ ಎಂಬ ಉಚಿತ ಬರವಣಿಗೆಯ ತಂತ್ರಾಂಶದಲ್ಲಿ ಹಳೆಯ ಬರಹ ಕನ್ನಡವಾಗಿಯೇ ಕಾಣುತ್ತದೆ. ಅನಂತರ ಪರಿವರ್ತಕದ ಮೂಲಕ ಅದನ್ನು ಯುನಿಕೋಡಿಗೆ ಒಯ್ಯಬೇಕು. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ. ಒಮ್ಮೆ ಅಲ್ಲಿಗೆ ಸೇರಿದ ಬರಹ ವಿಂಡೋಸಿನಲ್ಲಿಯೂ ಓದಬಹುದು, ಲಿನಕ್ಸಿನಲ್ಲಿಯೂ ಓದಬಹುದು, ಮಗಳ ಕೈಯ ಮೊಬೈಲಿನಲ್ಲಿಯೂ ಓದಬಹುದು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಸ್ಥಳ ತಪ್ಪುವುದುಂಟು. ಒಮ್ಮೆ ಕಣ್ಣಾಡಿಸಿ ತಿದ್ದುವುದು ಅವಶ್ಯ.

ಬೆರಳಿನ ಅಭ್ಯಾಸವನ್ನೂ ಬದಲಿಸಬೇಕಾಗಿಲ್ಲ. ನುಡಿಯ ಕೀಲಿಮಣೆ ಕೆ. ಪಿ. ರಾಯರ ವಿನ್ಯಾಸವನ್ನು ಆಧರಿಸಿದ್ದು. ಅದೇ ವಿನ್ಯಾಸವು ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಿಂದ, ಅಂದರೆ ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳಿಂದಲೇ, ಸಿಗುತ್ತದೆ. ಲೋಹಿತ್, ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳು ಯಾರ ಅಪ್ಪಣೆಯೂ ಇಲ್ಲದೆ ಬಳಸಲು ದೊರೆಯುತ್ತವೆ.

ಕಾಸರಗೋಡಿನಲ್ಲಿ, ಬೆಂಗಳೂರಿನಲ್ಲಿ

ಇದೆಲ್ಲ ಪ್ರಯೋಗಾಲಯದ ಮಾತೆಂದು ಯಾರಾದರೂ ಅಂದಾರು. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ. ಕೇರಳ ಸರಕಾರದ ಐಟಿ ಅಟ್ ಸ್ಕೂಲ್ ಯೋಜನೆಯು 2000ದ ದಶಕದ ಉತ್ತರಾರ್ಧದಲ್ಲಿ ಶಾಲೆಗಳ ಗಣಕಗಳನ್ನೆಲ್ಲ ಸ್ವತಂತ್ರ ತಂತ್ರಾಂಶಕ್ಕೆ ತಂದಿತು. ಆ ಯೋಜನೆಯೇ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಕ್ಕಳು ಈ ಲಿನಕ್ಸ್ ಪಾಠವನ್ನು ಕನ್ನಡದಲ್ಲಿ ಅಚ್ಚಾದ ಪಠ್ಯಪುಸ್ತಕದಿಂದಲೇ ಕಲಿಯುತ್ತಾರೆ. 2019ರಲ್ಲಿ ಎರಡು ಲಕ್ಷಕ್ಕೂ ಮೀರಿದ ಗಣಕಗಳಿಗೆ ಹೊಸ ಆವೃತ್ತಿ ಸಿದ್ಧವಾದಾಗ, ಪರವಾನಿಗೆಯ ಹಣದಲ್ಲಿ 3,000 ಕೋಟಿ ರೂಪಾಯಿ ಉಳಿತಾಯವಾಗುವುದೆಂದು ಅಲ್ಲಿಯವರು ಹೇಳಿದರು.

ಕರ್ನಾಟಕದಲ್ಲಿಯೂ ಯತ್ನಗಳು ನಡೆದಿವೆ. 2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಪಾಲುಗೊಂಡು ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕವು ಲಿನಕ್ಸಿನ ಮೇಲೆಯೇ ನಡೆಯಿತು. 2010ರ ದಶಕದಲ್ಲಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು ಶಿಕ್ಷಣ ಇಲಾಖೆಯೊಡನೆ ಸೇರಿ ಸರಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಉಬುಂಟು ಲಿನಕ್ಸಿನಲ್ಲಿ ತರಬೇತಿ ಕೊಟ್ಟಿತು. ಎಲ್ಲಕ್ಕಿಂತ ಮನಮುಟ್ಟುವುದು ಬೆಂಗಳೂರಿನ ಸುದರ್ಶನ ಬಡಾವಣೆಯ ಕೊಳಚೆ ಪ್ರದೇಶದ ಪ್ರಸಂಗ. ಅಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ಸ್ವಯಂಸೇವಕರು, ಬಳಸಿ ಬಿಟ್ಟ ದಾನದ ಗಣಕಗಳಲ್ಲಿ ಲಿನಕ್ಸ್ ಹಾಕಿ, ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರವನ್ನು ನಡೆಸಿದರು. ಕೂಲಿಕಾರರ ಮಕ್ಕಳು ಅಲ್ಲಿ ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರ ಬರೆಯಲು ಕಲಿತರು. ಕಚೇರಿಗಳು ಬೇಡವೆಂದ ಯಂತ್ರಗಳು ಅವರಿಗೆ ಮೊದಲ ಯಂತ್ರಗಳಾದವು.

ಮಿತಿಯನ್ನೂ ಅರಿಯಬೇಕು

ಯಾವ ಯಂತ್ರವೂ ಚಿರಂಜೀವಿಯಲ್ಲ. ಟೋರ್ವಾಲ್ಡ್ಸ್ ಲಿನಕ್ಸನ್ನು ಹುಟ್ಟಿಸಿದ 386 ಸಂಸ್ಕಾರಕಕ್ಕೆ ಇದ್ದ ಬೆಂಬಲವನ್ನು 2012ರ ಡಿಸೆಂಬರದಲ್ಲಿ ತಿರುಳಿನಿಂದ ತೆಗೆದುಹಾಕಿದರು. ಅದಕ್ಕಾಗಿ ಆತ ಕಣ್ಣೀರು ಹಾಕಲಿಲ್ಲ. ಕೆಲವು ಕೆಲಸಗಳಿಗೆ ವಿಂಡೋಸೇ ಬೇಕೆಂಬುದೂ ನಿಜ. ಕಿರಾಣಿ ಅಂಗಡಿಯ ಲೆಕ್ಕಕ್ಕೆ ಟ್ಯಾಲಿ ಬಳಸುವವರು ಅದು ವಿಂಡೋಸಿಗಾಗಿಯೇ ಬರೆದದ್ದೆಂಬುದನ್ನು ಮರೆಯಬಾರದು. ಕಚೇರಿಯ ಡಿಜಿಟಲ್ ಸಹಿಯ ಸಾಧನವಿದ್ದವರು ಅದು ಲಿನಕ್ಸಿನಲ್ಲಿ ನಡೆಯುವುದೋ ಇಲ್ಲವೋ ಎಂಬುದನ್ನು ಮೊದಲೇ ವಿಚಾರಿಸಬೇಕು. ಯಾರೇ ಆಗಲಿ, ಅನುಸ್ಥಾಪನೆಗೆ ಮುಂಚೆ ಕಡತಗಳ ಪ್ರತಿಯನ್ನು ಬೇರೊಂದು ತಟ್ಟೆಯಲ್ಲಿ ತೆಗೆದಿಡಲೇಬೇಕು. ಇದರಲ್ಲಿ ಉದಾಸೀನ ಮಾಡಿದವರಿಗೆ ಯಾವ ಕಾರಭಾರಿಯೂ ನೆರವಾಗಲಾರ.

ನಿಜವಾಗಿಯೂ ಆಯುಷ್ಯ ಮುಗಿದ ಯಂತ್ರವನ್ನು ಗುಜರಿಯವನ ತಕ್ಕಡಿಗೆ ಹಾಕುವುದೂ ತಪ್ಪು. ಹಳೆಯ ಪರದೆಗಳಲ್ಲಿ ಸೀಸವಿದೆ. ಒಡೆದು ಸುಟ್ಟರೆ ಮಣ್ಣಿಗೂ ಉಸಿರಿಗೂ ವಿಷ. 2023ರ ಏಪ್ರಿಲಿನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ನೋಂದಾಯಿತ ಸಂಸ್ಕರಣಕಾರರಿಗೆ ತಲಪಿಸಬೇಕು. ಆದರೆ ಜೀವವಿರುವ ಯಂತ್ರವನ್ನು ಅಲ್ಲಿಗೆ ಕಳಿಸುವ ಅವಸರವೇಕೆ?

ಮತ್ತೆ ಕೆರೂರಿಗೆ

ಮನಸ್ಸಿನ ಆ ಮನೆಗೆ ಮರಳಿ ಬರೋಣವೆಂದರೆ, ದೀಪಾವಳಿಯ ಸೂಟಿಗೆ ಹುಬ್ಬಳ್ಳಿಯಿಂದ ಮಾಸ್ತರರ ಅಣ್ಣನ ಮಗ ಬಂದಿದ್ದಾನೆ. ಜೇಬಿನಲ್ಲಿ ಒಂದು ಪೆನ್‌ಡ್ರೈವ್. ಮೊದಲು ಕಡತಗಳನ್ನೆಲ್ಲ ಬೇರೆಡೆಗೆ ಪ್ರತಿಮಾಡುತ್ತಾನೆ; ಆಮೇಲೆ ಯಂತ್ರವನ್ನು ಪೆನ್‌ಡ್ರೈವಿನಿಂದ ಶುರುಮಾಡುತ್ತಾನೆ.

“ಮಷಿನ್ನಿಗೆ ಏನೂ ಆಗಿಲ್ರೀ ಕಾಕಾ. ಅರವತ್ನಾಲ್ಕು ಬಿಟ್ಟಿಂದೇ ಐತಿ. ಸ್ಮೃತಿ ಅಷ್ಟ ಕಡಿಮಿ.”

“ನಮ್ಮವ್ವನ ಪದಾ ಅದಾವೇನು ನೋಡಪಾ ಮೊದಲ.”

ಕಡತವನ್ನು ತೆರೆದಾಗ ರೋಮನ್ ಅಕ್ಷರಗಳ ಕಸ ಕಾಣುತ್ತದೆ. ಮಾಸ್ತರರ ಮುಖ ಬಾಡುತ್ತದೆ. ಹುಡುಗನು ಅಕ್ಷರಶೈಲಿಯನ್ನು ಹಾಕಿ ಮತ್ತೆ ತೆರೆಯುತ್ತಾನೆ. ಈ ಸಲ ಸಾಲುಗಳು ಕನ್ನಡದಲ್ಲಿ ನಿಲ್ಲುತ್ತವೆ. ಮಾಸ್ತರರು ಕನ್ನಡಕವನ್ನು ಸರಿಪಡಿಸಿಕೊಂಡು ಮೊದಲ ಪದವನ್ನು ತಮ್ಮಷ್ಟಕ್ಕೆ ಓದಿಕೊಳ್ಳುತ್ತಾರೆ. ಒಳಗಿನಿಂದ ಅವರ ಹೆಂಡತಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

ಎಲ್ಲವೂ ಸುಸೂತ್ರವಾಗುವುದಿಲ್ಲ. ಮುದ್ರಣಯಂತ್ರ ಆ ದಿನ ಮಾತು ಕೇಳುವುದಿಲ್ಲ. ವೈಫೈಗೆ ಒಂದು ಚಿಕ್ಕ ತುಣುಕು ತರಬೇಕಾಗುತ್ತದೆ. ಸ್ಮೃತಿ ಏರಿಸಲು ಬಾಗಲಕೋಟೆಯ ಅಂಗಡಿಗೆ ಹೋಗಬೇಕು. ಆದರೆ ಮಗಳ ಅಭ್ಯಾಸ ನಿಲ್ಲುವುದಿಲ್ಲ, ಅವಳ ಶುಲ್ಕದ ಹಣ ಯಂತ್ರಕ್ಕೆ ಹೋಗುವುದಿಲ್ಲ. ಪದಗಳಿಗೆ ಈಗ ಎರಡು ಪ್ರತಿಗಳಿವೆ. ಒಂದನ್ನು ಹುಡುಗನು ಹುಬ್ಬಳ್ಳಿಗೆ ಒಯ್ಯುತ್ತಾನೆ. ಅಂಗಡಿಯವನು ಮುರಿದು ಹಾಕಲು ಹೇಳಿದ ಯಂತ್ರವು ಅದೇ ಮೂಲೆಯಲ್ಲಿ, ಅದೇ ಸೀರೆಯ ತುಂಡಿನ ಕೆಳಗೆ, ಇನ್ನೂ ಕೆಲವು ವರ್ಷ ದುಡಿಯಲು ಸಿದ್ಧವಾಗಿ ಕುಳಿತಿರುತ್ತದೆ.